ಮಂಚದ ಮೇಲಿನ ಒಡಪು

ನಿನ್ನೆ ರೇಷನ್ ಅಂಗಡಿಯ ಸಾಲಿನಲ್ಲಿ ನನ್ನ ಮುಂದಿನವರು ಹೆಬ್ಬೆಟ್ಟು ಒತ್ತುತ್ತಿದ್ದರು. ಆ ಮಸಿಯ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಗಂಟಲಲ್ಲಿ ರಜಿಸ್ಟ್ರಾರ್ ಕಾಕಾ ಕೆಮ್ಮಿದರು...

ಪುಣೆಯಲ್ಲಿ, ಒಂದೇ ಅಂಗಳದ ಸುತ್ತ ಹತ್ತಾರು ಸಂಸಾರಗಳಿದ್ದ ನಮ್ಮ ವಾಡೆಯಲ್ಲಿ, ಧಾರವಾಡ ಕಡೆಯವರ ನಡುವೆ, ಅವರದೂ ಒಂದು ಮನೆ. ಕಚೇರಿಗೆ ಬರಲಾಗದ ರೋಗಿಗಳ ಮನೆಗೇ ಹೋಗಿ ಮೃತ್ಯುಪತ್ರ, ಅಂದರೆ ಉಯಿಲು, ನೋಂದಾಯಿಸುವುದು ಅವರ ಕೆಲಸ. ಅವರು ಕೋಟು ತೊಟ್ಟು ಹೊರಬಿದ್ದರೆ, ನೆಗಡಿಯಾದವರೂ ಬಾಗಿಲು ಹಾಕಿಕೊಳ್ಳುತ್ತಿದ್ದರು. ಎಣ್ಣೆ ಕಾಣದ ಬಾಗಿಲಿನಂಥ ಧ್ವನಿ. ಎಲ್ಲರಿಗೂ ಒಂದೇ ಪ್ರಶ್ನೆ: “ಅರಿವಿನಿಂದ ಹೇಳ್ತೀರೋ, ಅಂಜಿ ಹೇಳ್ತೀರೋ?” ಅದನ್ನು ಅವರ ಮುಂದೆಯೇ ನಕಲು ಮಾಡಿ, ಅವರಿಂದಲೇ ಚಹಾ ಗಿಟ್ಟಿಸುತ್ತಿದ್ದೆ. ಆಗ ನಾನು ಕಾಲೇಜಿನಲ್ಲಿದ್ದೆ. ಓದೊಂದು ಬಿಟ್ಟು ಎಲ್ಲರ ನಕಲೂ ಬರುತ್ತಿತ್ತು.

ಮೂಲೆಮನೆಯ ಅಜ್ಜಿ ಹಾಸಿಗೆ ಹಿಡಿದಾಗ, ತಮ್ಮ ಎರಡು ಕೋಣೆ ವಿಧವೆ ಸೊಸೆಗೆ ಎಂದು ಬರೆಸಿದರು. ಆ ಕೋಣೆಗಳ ಮೇಲೆ ಕಣ್ಣಿಟ್ಟಿದ್ದ ಅಜ್ಜಿಯ ಮೈದುನನ ಮಗ ತಕರಾರು ತೆಗೆದ. ಅಜ್ಜಿಗೆ ಅರಿವಿಲ್ಲವೆಂದು ಕಾಕಾಗೆ ಅನಿಸಿದರೆ ನೋಂದಣಿ ಇಲ್ಲ, ಸೊಸೆ ಬೀದಿಪಾಲು. ವಾಡೆಯ ಮಂದಿಯೆಲ್ಲ ಮಂಚದ ಸುತ್ತ ಸೇರಿದ್ದೆವು.

ಕಾಕಾ ಕೇಳಿದ್ದಕ್ಕೆ ಅಜ್ಜಿ ತಮ್ಮ ಹೆಸರು ಹೇಳಿದರು.

“ಯಜಮಾನರ ಹೆಸರ್ರಿ?”

ಅಜ್ಜಿ ಗೋಡೆಯ ಕಡೆ ಮುಖ ತಿರುಗಿಸಿದರು.

“ನೋಡ್ರಿ ಸಾಹೇಬ್ರ, ಗಂಡನ ಹೆಸರೂ ನೆನಪಿಲ್ಲ!” ಎಂದ ಮೈದುನನ ಮಗ.

ಗಂಡನ ಹೆಸರನ್ನು ಬರಿದೇ ಬಾಯಲ್ಲಿ ಎತ್ತದ ಕಾಲದವರು ಅವರು. ಒಡಪು ಕಟ್ಟಿ, ಪ್ರಾಸದ ಸಾಲುಗಳ ನಡುವೆ ಸೇರಿಸಿ ಹೇಳಿದರೆ ಉಂಟು. ಗಂಡ ತೀರಿದ ಮೇಲೆ ಅದೂ ನಿಂತಿತ್ತು. ಕಾಕಾಗೆ ಇದು ಗೊತ್ತು, ಕಾಗದಕ್ಕೆ ಗೊತ್ತಿಲ್ಲವಲ್ಲ! ಅವರು ಕನ್ನಡಕ ಏರಿಸಿ ನನ್ನತ್ತ ನೋಡಿದರು.

“ಏ ಮಂಗ್ಯಾ, ಇವರನ್ನ ಮನಿ ತುಂಬಿಸಿಕೊಳ್ಳೋವಾಗ ಬಾಗಿಲಕ್ಕ ಅಡ್ಡ ನಿಂತಾಕಿ ಯಾರು?”

ತಿಳಿಯಿತು. ಅಜ್ಜಿಯ ನಾದಿನಿ. ತೀರಿಕೊಳ್ಳುವವರೆಗೂ ವಾಡೆಯನ್ನೇ ನಡುಗಿಸಿದ್ದ ಆಕೆಯ ಧ್ವನಿ ನನಗೆ ಕಂಠಪಾಠ. ಧೋತರದ ಚುಂಗನ್ನು ತಲೆಗೆ ಹೊದ್ದು, ಸೊಂಟಕ್ಕೆ ಕೈಯಿಟ್ಟು ಬಾಗಿಲಲ್ಲಿ ನಿಂತೆ.

“ಒಡಪ ಹೇಳೋತನಾ ಒಳಗ ಬಿಡಂಗಿಲ್ಲ ನೋಡು ವೈನೀ!”

“ಹಾಳಾದಾಕಿ, ಸತ್ತರೂ ಬಾಗಿಲ ಬಿಡವಲ್ಲಳು!” ಅಜ್ಜಿ ನಕ್ಕರು. ಸೆರಗು ಸರಿಮಾಡಿಕೊಂಡು, ಉಸಿರು ಕೂಡಿಸಿಕೊಂಡು...

“ಬೆಲ್ಲದ ಗಡಿಗಿಗೆ ಇರುವಿ ಮುತ್ತ್ಯಾವ ಸಾಲಾಗಿ,
ನನ್ನ ಮಂಚಕ್ಕ ಮಂದಿ ಮುತ್ತ್ಯಾರ ಬಳಗಾಗಿ,
ವೆಂಕಟರಾಯರ ಮನಿ ನನ್ನ ಸೊಸಿಗೇ ಇರಲಿ ನೆರಳಾಗಿ.”

ಕೋಣೆಯ ತುಂಬ ನಗೆ. ಇರುವೆ ಯಾರೆಂದು ತಿಳಿದ ಮೈದುನನ ಮಗ ಚಪ್ಪಲಿ ಹುಡುಕತೊಡಗಿದ.

“ಅರಿವಿನಿಂದ ಹೇಳ್ತೀರೋ, ಅಂಜಿ ಹೇಳ್ತೀರೋ?” ಕಾಕಾ ಬಿಡಲಿಲ್ಲ.

“ಅಂಜಲಿಕ್ಕೆ ನೀ ಏನ್ ಹುಲಿ ಏನೋ?”

ಕಾಕಾ ನಗುನಗುತ್ತಲೇ ಅಜ್ಜಿಯ ಹೆಬ್ಬೆಟ್ಟಿಗೆ ಮಸಿ ಹಚ್ಚಿದರು.

ಅಜ್ಜಿ ಹೋದರು. ಎಷ್ಟೋ ವರ್ಷಗಳ ಮೇಲೆ ಕಾಕಾನೂ... ನಿನ್ನೆ ನನ್ನ ಸರದಿ ಬಂದಾಗ, ಅದೇ ಕಿರ್ರೆನ್ನುವ ಧ್ವನಿಯಲ್ಲಿ ಕೇಳಿದೆ: “ಸಕ್ಕರಿ ಅರಿವಿನಿಂದ ಕಡಿಮಿ ಕೊಡ್ತೀರೋ, ಅಂಜಿ ಕಡಿಮಿ ಕೊಡ್ತೀರೋ?” ಮರಾಠಿ ಅಂಗಡಿಯವನು ಪಿಳಿಪಿಳಿ ನೋಡಿದ. ಸಾಲಿನ ಹಿಂದಿನಿಂದ ಮಾತ್ರ ಕಿಸಕ್ಕನೆ ನಗು. ಮೂಲೆಮನೆಯ ಸೊಸೆ! ಇಂದಿಗೂ ಅದೇ ಎರಡು ಕೋಣೆಗಳಲ್ಲಿ ಇದ್ದಾರೆ.

“ಕಾಕಾನೇ ಬಂದಂಗಾತಪಾ,” ಎಂದರು, ನಗು ಮುಚ್ಚಿದ್ದ ಸೆರಗಿನಿಂದಲೇ ಕಣ್ಣೊರೆಸಿಕೊಳ್ಳುತ್ತ. “ಇನ್ನೊಮ್ಮೆ ಅನ್ನು.”

ಬಾಯಿ ತೆರೆದೆ... ಬಂದದ್ದು ನನ್ನದೇ ಒಡಕು ಧ್ವನಿ.