ಕಪ್ಪು-ಬಿಳುಪು ರೀಲಿಗೆ ಮೂರು ಬಣ್ಣದ ಲೈಟು

ಕಪ್ಪು-ಬಿಳುಪು ರೀಲು ತುಂಬಿರೋ ಕ್ಯಾಮ್ರಾಕ್ಕೆ ಕೆಂಪು, ನೀಲಿ, ಹಸ್ರು ಅಂತ ಮೂರು ಬಣ್ಣದ ಲೈಟು ಕಟ್ಟಿ ಫೋಟೋ ಹೊಡ್ದಿರೋನು ಇಡೀ ಮಂಡ್ಯ ಜಿಲ್ಲೇಲಿ ನಾನೊಬ್ನೇ ಇರ್ಬೇಕು. ಉಪವಾಸ ಇರೋನಿಗೆ ಮೂರು ತರ ಪಲ್ಯ ಬಡಿಸ್ದಂಗೆ. ಈ ತಪ್ಪನ್ನ ನಾನು ಯಾರು ಕೇಳಿದ್ರೂ ಹೇಳ್ತೀನಿ, ಕೇಳ್ದೇ ಇದ್ರೂ ಹೇಳ್ತೀನಿ. ಹೇಳಿದ್ರೆ ಜನ ನಗ್ತಾರೆ, ನಕ್ಕೋರು ಮುಂದಿನ ಪ್ರಶ್ನೆ ಕೇಳಲ್ಲ. ಮುಂದಿನ ಪ್ರಶ್ನೆ ಅಂದ್ರೆ, "ಆ ಲೈಟಲ್ಲಿ ಏನ್ ಫೋಟೋ ಹೊಡ್ದೆ?" ಅನ್ನೋದು. ಅದಕ್ಕೆ ಉತ್ರ ಹೇಳಕ್ಕೆ ಹೋದ್ರೆ ಇವತ್ತಿಗೂ ನನ್ನ ಕಿವಿ ಬಿಸಿಯಾಯ್ತದೆ.

ನಾನು ಗುತ್ತಲಲ್ಲಿ ಒಂದು ಜೆರಾಕ್ಸ್ ಅಂಗಡೀಲಿ ಕೆಲಸ ಮಾಡ್ತೀನಿ. ಮನೆ ಯಲಿಯೂರು ಪಕ್ಕದ ಹಳ್ಳಿ. ಅಂಗಡೀಲಿ ಒಂದು ಹಳೇ ಮಿಷಿನ್ನು ಕೆಟ್ಟು ಮೂಲೆ ಸೇರಿತ್ತು. ಗುಜರಿಗೆ ಹೋಗೋ ಮುಂಚೆ ಓನರ್‌ನ ಕೇಳ್ಕೊಂಡು ಅದರ ಹೊಟ್ಟೆ ಬಗೆದು ಲೆನ್ಸು ಕಿತ್ಕೊಂಡೆ. ಅದೇ ನನ್ನ ಕ್ಯಾಮ್ರಾದ ಕಣ್ಣು. ಮೈಯಿ ಮುರಿದೋದ ಟಿವಿ ಸ್ಟ್ಯಾಂಡಿನ ಪ್ಲೈವುಡ್ಡು. ಪೌಡರ್ ಡಬ್ಬಿ ತಗಡು ಕತ್ತರಿಸಿ ಶಟರು, ಅದನ್ನ ಎಳೆಯಕ್ಕೆ ಎರಡು ರಬ್ಬರ್ ಬ್ಯಾಂಡು, ರೀಲು ಸುತ್ತಕ್ಕೆ ಸೈಕಲ್ಲಿಂದು ಒಂದು ಬೋಲ್ಟು. ಒಳಗೆ ಬೆಳಕು ನುಗ್ಗಬಾರ್ದು ಅಂತ ಟ್ರ್ಯಾಕ್ಟರ್ ಸೈಲೆನ್ಸರಿಗೆ ಬಳಿಯೋ ಕಪ್ಪು ಪೇಂಟು ಬಳಿದೆ. ಎಲ್ಲಾ ಸೇರಿ ಒಂದು ಕುಂಬಳಕಾಯಿ ತೂಕ ಬಂತು. ಶಟರು ಬಿಟ್ರೆ ಟಪ್ ಅಂತ ಬಡ್ಕೊಳ್ಳೋದು. ಅದಕ್ಕೆ ನಮ್ಮೂರಲ್ಲಿ ಅದರ ಹೆಸ್ರು ಇಲಿಬೋನು. ನಾನು ಕತ್ತಿಗೆ ನೇತಾಕ್ಕೊಂಡು ಬೀದಿಗೆ ಇಳಿದ್ರೆ, "ಏನ್ಲಾ, ಇವತ್ತೆಷ್ಟು ಇಲಿ ಬಿದ್ವು?" ಅಂತ ಕೇಳೋರು.

ರೀಲು ಸಿಕ್ಕಿದ್ದು ಮಳವಳ್ಳೀಲಿ. ಅಲ್ಲೊಂದು ಹಳೇ ಸ್ಟುಡಿಯೋ ಇದೆ. ಅದರ ಯಜಮಾನ್ರಿಗೆ ಈಗ ಪಾಸ್‌ಪೋರ್ಟ್ ಫೋಟೋ ಬಿಟ್ರೆ ಕೆಲಸ ಇಲ್ಲ. ಅವರ ಫ್ರಿಜ್ಜಲ್ಲಿ ಉಪ್ಪಿನಕಾಯಿ ಪಕ್ಕ ಮೂರು ಹಳೇ ರೀಲು ಉಳ್ಕೊಂಡಿದ್ವು. ಎರಡು ಕಲರ್ರು, ಒಂದು ಕಪ್ಪು-ಬಿಳುಪು, ಯಾವುದು ಯಾವುದು ಅಂತ ಅವರು ಒಂದೊಂದೇ ಎತ್ತಿ ತೋರ್ಸಿ ಹೇಳಿದ್ರು. ನಾನು ಆ ಹೊತ್ತಲ್ಲಿ ಫ್ರಿಜ್ಜಿನೊಳಗೆ ರೀಲಿರೋದನ್ನ ಮೊಬೈಲಲ್ಲಿ ವೀಡಿಯೋ ಮಾಡ್ತಿದ್ದೆ. ವೀಡಿಯೋದಲ್ಲಿ ಅವರ ಮಾತು ಚೆನ್ನಾಗಿ ಕೇಳ್ತದೆ. ನನಗೆ ಕೇಳ್ಲಿಲ್ಲ.

ಮೊದಲ್ನೇ ಕಲರ್ ರೀಲು ಪೂರ್ತಿ ನಮ್ಮ ಪಕ್ಕದ ಮನೆ ಮಾವನ ಎತ್ತುಗಳ ಮೇಲೆ ಖರ್ಚು ಮಾಡ್ದೆ. ಮಾವ ಅಂದ್ರೆ ಸಂಬಂಧದ ಮಾವ ಅಲ್ಲ. ನಾನು ನಡೆಯಕ್ಕೆ ಕಲ್ತಿದ್ದೇ ಅವರ ಜಗಲಿ ಕಂಬ ಹಿಡ್ಕೊಂಡು, ಅಷ್ಟು ಹತ್ರ. ಊರೆಲ್ಲ ಟ್ರ್ಯಾಕ್ಟರಿಗೆ ಹೋದ್ರೂ ಅವರು ಒಂದು ಜೋಡಿ ಹಳ್ಳಿಕಾರ್ ಎತ್ತು ಬಿಟ್ಟಿರ್ಲಿಲ್ಲ. ದೊಡ್ಡದು ಸಾಧು. ಸಣ್ಣದು ಅತ್ತೆ ಕೈತುತ್ತು ತಿಂದು ಬೆಳ್ದಿದ್ದು. ಅತ್ತೆ ಅಂದ್ರೆ ಮಾವನ ಹೆಂಡ್ತಿ. ಆ ರೀಲನ್ನ ಬೆಂಗಳೂರಿಗೆ ಕಳಿಸಿ ತೊಳೆಸಿ ತರಿಸಿದ್ರೆ ಒಂದು ಫೋಟೋದಲ್ಲೂ ಕೊಂಬಿಲ್ಲ. ಎಲ್ಲಾ ಹಣೆ ಹತ್ರಕ್ಕೇ ಕಟ್ ಆಗಿದ್ವು.

ಮಾವ ಒಂದೊಂದನ್ನೂ ದೂರ ಹಿಡಿದು ನೋಡಿದ್ರು. "ಲೇ, ನನ್ ಎತ್ನ ಕತ್ತೆ ಮಾಡಿದ್ದೀಯಲ್ಲೋ. ಈ ಸಂಕ್ರಾಂತೀಲಿ ಕಿಚ್ಚು ಆಯ್ಸುವಾಗ ಒಂದು ತಗಿ. ಒಂದೇ ತಗಿ. ಕೊಂಬು ಪೂರ್ತಿ ಬರ್ಬೇಕು."

"ಮೊಬೈಲಲ್ಲಿ ತೆಗ್ದುಕೊಡ್ತೀನಿ ಮಾವ, ಸುಲಭ."

"ಮೊಬೈಲ್ ಫೋಟೋಗ್ಳು ಎಲ್ಲೋಯ್ತವೋ ಸಿವ್ನೇ ಬಲ್ಲ. ಗೋಡೆಗೆ ಮೊಳೆ ಒಡ್ದು ನೇತಾಕಂಗಿರ್ಬೇಕು."

ಕಿಚ್ಚು ಹಾಯ್ಸೋದು ಹೊತ್ತು ಇಳಿಯೋ ಟೈಮಿಗೆ. ದನಗಳ ಮೈ ತೊಳೆದು, ಅರಿಶಿನ ಬಳಿದು, ಕೊಂಬಿಗೆ ಬಣ್ಣ ಹಾಕಿ, ದಾರಿಗೆ ಅಡ್ಡ ಹುಲ್ಲು ಹಾಸಿ ಬೆಂಕಿ ಕೊಟ್ಟು, ಅದರ ಮೇಲೆ ಹಗ್ಗ ಹಿಡ್ಕೊಂಡು ಓಡಿಸ್ತಾರೆ. ಹಾಯ್ದ ದನದ ರೋಗ-ರುಜಿನ ಬೆಂಕೀಲಿ ಉಳ್ಕೊಳ್ತದೆ ಅಂತ ನಂಬಿಕೆ. ಹಾಯದೆ ಹಿಂದಕ್ಕೆ ತಿರುಗಿದ್ರೆ ಆ ವರ್ಷದ ಕೇಡು ಕೊಟ್ಟಿಗೇಲೇ ಉಳೀತು ಅಂತ ಊರು ಮಾತಾಡ್ತದೆ. ಆ ಸಂಜೆ ಬೆಳಕಿಗೆ ನನ್ನ ಜೆರಾಕ್ಸ್ ಕಣ್ಣು ಸಾಲ್ದು. ಲೈಟು ಬೇಕಿತ್ತು. ಬರೀ ಲೈಟು ತಗೊಂಡಿದ್ರೆ ನಾನು ಬದುಕ್ತಿದ್ದೆ. ಬಣ್ಣದ ಲೈಟು ಬೇಕು ಅನ್ನುಸ್ತು. ಎತ್ತಿನ ಒಂದು ಕೆನ್ನೆ ಕೆಂಪು, ಒಂದು ಕೆನ್ನೆ ನೀಲಿ, ನಡುವೆ ಬೆಂಕಿ. ರಾತ್ರಿಯೆಲ್ಲಾ ಅದೇ ಕನಸು.

ಮದ್ದೂರಲ್ಲಿ ನನ್ನ ಐಟಿಐ ಗೆಳೆಯನ ಆಟೋ ಎಲೆಕ್ಟ್ರಿಕಲ್ ಅಂಗಡಿ ಇದೆ. ಅವರಪ್ಪ ಲಾರಿಗೆ ಹಾರನ್ ಕಟ್ತಿದ್ರು, ಇವನು ಟ್ರ್ಯಾಕ್ಟರಿಗೆ ಬಣ್ಣದ ಲೈಟು ಕಟ್ತಾನೆ. ಇವನು ಕಟ್ಟಿದ ಟ್ರ್ಯಾಕ್ಟರು ಕಬ್ಬು ಹೊತ್ಕೊಂಡು ಬಂದ್ರೆ ಮದುವೆ ದಿಬ್ಬಣ ಬಂತು ಅಂತ ಜನ ಎದ್ದು ನಿಲ್ತಾರೆ. ಅವನು ನನ್ನ ಇಲಿಬೋನನ್ನ ತಿರುಗಿಸಿ ತಿರುಗಿಸಿ ನೋಡ್ದ.

"ಅರೆ, ಇದಕ್ಕೆ ಲೈಟ್ ಕಟ್ಟೋ ಬದ್ಲು ಬೆಂಕಿ ಇಡೋದು ವಾಸಿ ಕಣ್ಲಾ."

ಬೈದ್ರೂ ಕಟ್ಟಿಕೊಟ್ಟ. ಲೆನ್ಸಿನ ಸುತ್ತ ಮೂರು ಬಣ್ಣದ ಲೈಟಿನ ಪಟ್ಟಿ ಅಂಟಿಸಿದ. ಕರೆಂಟಿಗೆ ಬೈಕಿನ ಬ್ಯಾಟ್ರಿ, ಅದನ್ನ ನಾನು ಹೆಗಲಿನ ಬ್ಯಾಗಲ್ಲಿ ಹೊರ್ಬೇಕು. ಸ್ವಿಚ್ಚಿನ ಡಬ್ಬಿ ಟ್ರ್ಯಾಕ್ಟರಿಂದೇ. ಅದನ್ನ ನನ್ನ ಕೈಗಿಟ್ಟು ಮಗುಗೆ ಹೇಳ್ದಂಗೆ ಹೇಳ್ದ: "ಒಂದ್ಸಲ ಒತ್ತು, ಸುಮ್ನೆ ಉರೀತದೆ. ಎಲ್ಡ್ ಸಲ ಒತ್ತಿದ್ರೆ ಓಡ್ತದೆ. ಮೂರ್ ಸಲ ಒತ್ತಿದ್ರೆ ಆಂಬುಲೆನ್ಸು ತರ ಮಿಂಚ್ತದೆ. ಮೂರ್ ಸಲ ಒತ್ಬೇಡ."

"ನಾನೇನು ದಡ್ಡನಾ?"

ಅವನು ಬ್ಯಾಟ್ರಿ ಬ್ಯಾಗನ್ನ ಎತ್ತಿ ನನ್ನ ಹೆಗಲಿಗೆ ಹಾಕ್ದ. ಈಗ ಯೋಚಿಸಿದ್ರೆ ಅದು ದೊಡ್ಡತನ.

ಸಂಕ್ರಾಂತಿ ಸಂಜೆ ಕತ್ತಿಗೆ ಕುಂಬಳಕಾಯಿ, ಹೆಗಲಿಗೆ ಬ್ಯಾಟ್ರಿ, ಕೈಯಲ್ಲಿ ಸ್ವಿಚ್ಚು, ಒಟ್ಟಿನಲ್ಲಿ ನಾನೇ ಒಂದು ಸಣ್ಣ ಟ್ರ್ಯಾಕ್ಟರಾಗಿ ಹೋಗಿ ನಿಂತೆ. ಎಲ್ಲರೂ ದಾರಿ ಪಕ್ಕದಲ್ಲಿ ನಿಲ್ತಾರೆ. ಎದುರಿಗೆ ಯಾರೂ ನಿಲ್ಲಲ್ಲ, ಎದುರಿಗೆ ನಿಲ್ಲಬಾರ್ದು ಅನ್ನೋದು ನಮ್ಮೂರಲ್ಲಿ ನಾಕು ವರ್ಷದ ಮಗುಗೂ ಗೊತ್ತು. ಆದ್ರೆ ಪಕ್ಕದಿಂದ ಹೊಡೆದ್ರೆ ಒಂದೇ ಕೊಂಬು ಬರ್ತದಲ್ಲ. ಅದಕ್ಕೆ ನಾನು ಬೆಂಕಿಯಿಂದ ಆಚೆ ದಾರಿ ನಡುವೆ ಕುಕ್ಕರಗಾಲಲ್ಲಿ ಕೂತೆ. ಹೊಗೆ ನಡುವೆ ನಾನು ಯಾರಿಗೂ ಸರಿಯಾಗಿ ಕಾಣ್ತಿರ್ಲಿಲ್ಲ. ನನ್ನ ಹಿಂದೆ ಯಾರದೋ ಟ್ರ್ಯಾಕ್ಟರು ಲೈಟು ಹಾಕ್ಕೊಂಡು ನಿಂತಿತ್ತು.

ದೊಡ್ಡೆತ್ತನ್ನ ಮಾವನ ತಮ್ಮ ಹಿಡ್ಕೊಂಡು ಸಲೀಸಾಗಿ ಕಿಚ್ಚು ಹಾಯ್ಸಿ ನನ್ನ ಪಕ್ಕದಲ್ಲೇ ಹೋದ್ರು. ಆಮೇಲೆ ಸಣ್ಣೆತ್ತು. ಮಾವ ಹಗ್ಗ ಬಿಗಿಹಿಡಿದು, ಪಂಚೆ ಎತ್ತಿ ಕಟ್ಟಿ, ಈ ವಯಸ್ಸಲ್ಲೂ ಹುಡುಗನಂಗೆ ಓಡಿ ಬಂದ್ರು. ಎತ್ತು ತಲೆ ಎತ್ಕೊಂಡು ಬರ್ತಿತ್ತು, ಎರಡು ಕೊಂಬೂ ಪೂರ್ತಿ. ಸ್ವಿಚ್ಚು ಒತ್ತಿದೆ. ಹತ್ತಿತೋ ಇಲ್ವೋ ಅಂತ ಇನ್ನೊಂದ್ಸಲ ಒತ್ತಿದೆ. ಗಾಬರೀಲಿ ಇನ್ನೊಂದ್ಸಲ.

ಆಂಬುಲೆನ್ಸು.

ಎತ್ತು ಬೆಂಕಿಗೆ ಎರಡು ಮಾರು ಇರೋವಾಗ ಮುಂಗಾಲು ನೆಲಕ್ಕೆ ನೆಟ್ಟು ನಿಂತ್ಬುಡ್ತು. ಮಾವ ಓಡೋ ರಭಸಕ್ಕೆ ಮುಗ್ಗರಿಸಿ ಕಿಚ್ಚಿನ ಅಂಚಿಗೆ ಬಿದ್ರು, ಮೊಣಕೈ ಕಿತ್ತೋಯ್ತು, ಟವಲಿನ ಅಂಚಿಗೆ ಬೆಂಕಿ ಹತ್ತಿ ಯಾರೋ ಕಾಲಲ್ಲಿ ತುಳಿದು ಆರಿಸಿದ್ರು. ಎತ್ತು ತಿರುಗಿ ಮನೆ ಕಡೆ ಓಡ್ತು. ನನ್ನ ಬೆರಳು ಅದರ ಪಾಡಿಗೆ ಅದು ಶಟರು ಬಿಟ್ಟಿತ್ತು, ಟಪ್. ನಾನು ಮಾಡಿದ ಮೊದಲ್ನೇ ಕೆಲಸ ಮಾವನ್ನ ಎತ್ತೋದಲ್ಲ. ಲೈಟು ಆರಿಸಿ, ಕ್ಯಾಮ್ರಾನ ಬ್ಯಾಗಿಗೆ ತುರುಕಿ, ಜಿಪ್ ಎಳ್ದಿದ್ದು.

"ಕಿಚ್ಚು ಕಂಡು ಇಂದಕ್ಕೋಯ್ತು," ಅಂದ್ರು ಯಾರೋ. ಊರು ಅದನ್ನೇ ಹಿಡ್ಕೊಂತು. ಲೈಟಿನ ಮಾತು ಯಾರೂ ಎತ್ತಲಿಲ್ಲ. ಕಂಡೋರೂ ಟ್ರ್ಯಾಕ್ಟರಿಂದು ಅಂದ್ಕೊಂಡಿದ್ರು.

ಮಾರನೇ ದಿನ ಹಾಲಿನ ಡೈರೀಲಿ ಮಾವ ಮೊಣಕೈಗೆ ಪಟ್ಟಿ ಸುತ್ಕೊಂಡು ಕ್ಯಾನ್ ಹಿಡ್ದು ಸಾಲಲ್ಲಿ ನಿಂತಿದ್ರು. ಅವರ ಹಿಂದೆ ನಾನು. ಮುಂದಿದ್ದೋನೊಬ್ಬ ತಿರುಗಿ ಹೇಳ್ದ, "ಏನಣ್ಣ, ನಿಮ್ಮೆತ್ಗೆ ಬೆಂಕಿ ಆಗಾಕಿಲ್ವಂತೆ. ಕೊಟ್ಗೆಗೆ ಒಂದು ಫ್ಯಾನಾರ ಆಕ್ಸಿ."

ಸಾಲೆಲ್ಲಾ ನಗ್ತು. ನಾನೂ ನಕ್ಕೆ.

ನಾನು ಲೈಟು ಕಟ್ಟಿದ್ದು ದಡ್ಡತನ, ಎದುರಿಗೆ ಕೂತಿದ್ದು ದಡ್ಡತನ, ಮೂರು ಸಲ ಒತ್ತಿದ್ದು ದಡ್ಡತನ. ಆ ನಗು ದಡ್ಡತನ ಅಲ್ಲ. ಅದಕ್ಕೆ ನನ್ನತ್ರ ಬೇರೆ ಪದ ಇದೆ, ಬರೆಯಕ್ಕೆ ನಾಚಿಕೆ.

ಮಾವ ದಿನಾ ಎತ್ತಿನ ಕಣ್ಣ ಮುಂದೆ ಕೈ ಆಡಿಸಿ ನೋಡೋರು. ದನದ ಡಾಕ್ಟ್ರು ಬಂದು ಕಣ್ಣು ಸರಿಯಾಗಿದೆ ಅಂದ್ರು. "ಕಣ್ ಸರ್ಯಾಗಿದ್ರೆ ಯಾಕ್ ನಿಂತ್ಕತು?" ಅಂದ್ರು ಮಾವ. ಅದಕ್ಕೆ ಉತ್ರ ಪಕ್ಕದಲ್ಲೇ ನಮ್ಮನೆ ಅಟ್ಟದ ಮೇಲೆ ಬ್ಯಾಗಲ್ಲಿತ್ತು.

ಒಂದು ವಾರ ಆದ್ಮೇಲೆ ಮದ್ದೂರಿಂದ ಗೆಳೆಯ ಫೋನ್ ಮಾಡ್ದ. "ಎಂಗ್ ಬಂತ್ಲಾ ನಮ್ ಲೈಟು?" ನಾನು ನಡೆದಿದ್ದೆಲ್ಲಾ ಬಾಯಿ ಬಿಟ್ಟೆ. ಅವನು ಪೂರ್ತಿ ಕೇಳಿಸ್ಕೊಂಡ. ಆಮೇಲೆ, "ಲೈಟು ನಂದು ಕಣ್ಲಾ, ಬಾಯಿ ನಿಂದು. ಓಗಿ ಏಳ್ಬುಡು," ಅಂದ.

"ಹೇಳ್ತೀನಿ ಕಣ್ಲಾ. ಮೊದ್ಲು ರೀಲು ತೊಳೆಸ್ತೀನಿ. ಫೋಟೋ ಕೈಲಿದ್ರೆ ಹೇಳಕ್ಕೆ ಸುಲಭ."

ಅದು ಸುಳ್ಳು. ತಡ ಮಾಡಕ್ಕೆ ನನಗೊಂದು ಕಾರಣ ಬೇಕಿತ್ತು, ರೀಲು ಸಿಗ್ತು. ಆ ಭಾನ್ವಾರ ಬಿಟ್ಟು ಅದರ ಮುಂದಿನ ಭಾನ್ವಾರ ಮಳವಳ್ಳಿ ಬಸ್ಸು ಹತ್ತಿದೆ. ಸ್ಟುಡಿಯೋ ಯಜಮಾನ್ರಿಗೆ ಬಣ್ಣದ ಲೈಟಿನ ಕಥೆ ಹೇಳಿ, ಇದನ್ನೂ ಬೆಂಗಳೂರಿಗೆ ಕಳಿಸ್ಬೇಕಾ ಅಂತ ಕೇಳ್ದೆ. ಅವರು ರೀಲನ್ನ ಕೈಯಲ್ಲಿ ತಿರುಗಿಸಿ ನೋಡಿ, ಕನ್ನಡಕ ತೆಗೆದು ಪಕ್ಕಕ್ಕಿಟ್ರು.

"ಇದು ಕಪ್ಪು-ಬಿಳುಪು ಕಣಪ್ಪ. ಇದಕ್ಕೆ ಮೂರು ಬಣ್ಣ ಕಟ್ಟಿದ್ಯಾ?"

ಕೆಮ್ಮು ಬರೋವರ್ಗೂ ನಕ್ರು. ಆಮೇಲೆ, "ನಿನ್ ಪುಣ್ಯ. ಕಲರಾಗಿದ್ರೆ ಕಳಿಸ್ಬೇಕಿತ್ತು. ಇದನ್ನ ನಾನೇ ತೊಳೀತೀನಿ," ಅಂತ ಒಳಗೆ ಹೋದ್ರು. ಸಾಯಂಕಾಲಕ್ಕೆ ಒದ್ದೆ ಫೋಟೋ ಕ್ಲಿಪ್ಪಿಗೆ ಸಿಕ್ಕಿಸಿ ನನ್ನ ಮುಂದೆ ಹಿಡಿದ್ರು. ಕೆಂಪಿಲ್ಲ, ನೀಲಿ ಇಲ್ಲ. ಕೆಳಗೆ ಹುಲ್ಲಿನ ಬೆಂಕಿ ಬೆಳ್ಳಗೆ. ಮಾವ ಬೀಳೋ ಮುಂಚಿನ ಚಣ, ಹಗ್ಗ ಬಿಗಿದು ಮುಂದಕ್ಕೆ ವಾಲಿದ್ರು. ಎತ್ತಿನ ಎರಡು ಕೊಂಬೂ ತುದಿವರ್ಗೂ ಬಂದಿದ್ವು. ಎರಡು ಕಣ್ಣಲ್ಲೂ ಒಂದೊಂದು ಉಂಗುರ, ನನ್ನ ಲೆನ್ಸಿನ ಸುತ್ತ ಇದ್ದ ಲೈಟಿನ ಉಂಗುರ.

"ಇದು ಬೆಂಕಿ ನೋಡ್ತಾನೇ ಇಲ್ವಲ್ಲ," ಅಂದ್ರು ಯಜಮಾನ್ರು. "ನಿನ್ನ ನೋಡ್ತಾ ಅದೆ."

ಆ ಫೋಟೋನ ದಿಂಬಿನ ಕೆಳಗೆ ಇಟ್ಕೊಂಡು ಇನ್ನೂ ನಾಕು ದಿನ ಮಲಗಿದೆ. ಇವತ್ತು ಅಮಾಸೆ ಹತ್ರ, ನಾಳೆ ಮಾವನ ಮನೇಗೆ ನೆಂಟ್ರು, ನಾಡಿದ್ದು ನನಗೆ ನೆಗಡಿ. ಐದನೇ ದಿನ ಬೆಳಿಗ್ಗೆ ಎದ್ದಾಗ ಮಾವನ ಕೊಟ್ಟಿಗೆಯಿಂದ ದೊಡ್ಡೆತ್ತು ಕೂಗ್ತಾ ಇತ್ತು. ಅದು ಕೂಗೋ ಜಾತಿ ಅಲ್ಲ. ಫೋಟೋ ತಗೊಂಡು ಹಂಗೇ ಬನೀನಲ್ಲಿ ಓಡಿದೆ.

ಗೊಂತಲ್ಲಿ ಒಂದೇ ಎತ್ತು. ಇನ್ನೊಂದರ ಹಳೇ ಹಗ್ಗ ಗೂಟಕ್ಕೆ ನೇತಾಡ್ತಿತ್ತು. ದನ ಕೊಟ್ರೂ ಹಗ್ಗ ಕೊಡಲ್ಲ ನಮ್ಮ ಕಡೆ. ಬಿಚ್ಚಿ ಮನೇಲಿ ಉಳಿಸ್ಕೊಳ್ತಾರೆ. ಕಿಚ್ಚು ಹಾಯದ ಎತ್ತು ಬೇಡ ಅಂತ ಮಾವ ಮಾರಿಬಿಟ್ಟಿದ್ರು, ಶಿವನಸಮುದ್ರದ ಕಡೆಯೋರು ಯಾರೋ ಹಿಂದಿನ ದಿನ ಬಂದು ಹೊಡ್ಕೊಂಡು ಹೋಗಿದ್ರಂತೆ.

ಜಗಲಿ ಮೇಲೆ ಕೂತಿದ್ದ ಮಾವನ ಕೈಗೆ ಫೋಟೋ ಕೊಟ್ಟೆ. ನಾಕು ದಿನದಿಂದ ಕಟ್ಕೊಂಡಿದ್ದ ತಮಾಷೆ ಮಾತೆಲ್ಲಾ ಹೊರಟೋಗಿತ್ತು. "ಅದು ಬೆಂಕಿಗೆ ನಿಲ್ಲಲಿಲ್ಲ ಮಾವ. ನನ್ನ ಲೈಟಿಗೆ ನಿಂತಿದ್ದು," ಅಂತ ಒಂದೇ ಉಸುರಿಗೆ ಅಂದೆ. ಅತ್ತೆ ಅವರೆಕಾಯಿ ಬಿಡಿಸ್ತಿದ್ದೋರು ಕೈ ನಿಲ್ಸಿದ್ರು.

ಮಾವ ಫೋಟೋನ ದೂರ ಹಿಡಿದು ನೋಡಿದ್ರು, ಹತ್ರ ತಂದು ನೋಡಿದ್ರು. ಹೆಬ್ಬೆಟ್ಟಲ್ಲಿ ಎತ್ತಿನ ಮೊಕ ಒಂದ್ಸಲ ಒರೆಸಿದ್ರು.

"ಕೊಂಬು ಪೂರ್ತಿ ಬಂದದೆ," ಅಂದ್ರು. ಫೋಟೋನ ಜೇಬಿಗಿಟ್ಕೊಂಡು, ಹಾಲಿನ ಕ್ಯಾನ್ ತಗೊಂಡು ಡೈರಿ ಕಡೆ ಹೊರಟೋದ್ರು. ಬೈದಿದ್ರೆ ನಾನು ಊಟ ಮಾಡಿರ್ತಿದ್ದೆ ಅವತ್ತು.

"ನಾನು ಶಿವನಸಮುದ್ರಕ್ಕೆ ಹೋಗಿ ಅವರನ್ನ ಕೇಳ್ತೀನಿ ಅತ್ತೆ. ಕಾಲಿಗೆ ಬೀಳ್ತೀನಿ, ವಾಪಸ್ ಕೊಡಿ ಅಂತೀನಿ."

"ಕೊಟ್ಟಿದ್ನ ಕೇಳದು ನಮ್ ಮನೆ ವಾಡಿಕೆ ಅಲ್ಲ. ಕೂತ್ಕೊ."

ಕೂತೆ. ಅತ್ತೆ ಮೊರದಲ್ಲಿದ್ದ ಅರ್ಧ ಅವರೆಕಾಯಿ ನನ್ನ ಮುಂದಕ್ಕೆ ತಳ್ಳಿದ್ರು, ಬಿಡ್ಸು ಅಂತ. ಸ್ವಲ್ಪ ಹೊತ್ತು ಇಬ್ರೂ ಬಿಡಿಸಿದ್ವಿ. ಒಳಗೆ ದೊಡ್ಡೆತ್ತು ಮತ್ತೆ ಕೂಗ್ತು. ಅತ್ತೆ ತಲೆ ಎತ್ತದೆ, ದನಿ ಏರಿಸ್ದೆ ಹೇಳಿದ್ರು:

"ಸಣ್ಣದು ಎದ್ರಕಂಡು ನಿಂತಿದ್ದು ಒಂದ್ ಗಳಿಗೆ ಕಣಪ್ಪ. ನೀನು ಮೂರ್ ವಾರ ನಿಂತ್ಕಂಡೆ. ಇಬ್ರಲ್ಲಿ ಯಾರ್ನ ಒಡ್ಕೊಂಡೋಗಿ ಅನ್ಬೇಕಿತ್ತು ನಾವು, ನೀನೇ ಯೋಳು."