ಶರಣಣ್ಣನ ರಕ್ತದ ರಿಪೋರ್ಟು

ಗಂಗಾವತಿಯಲ್ಲಿ ಬಸ್ಸಿನಿಂದ ಇಳಿದರೆ ನಿಮ್ಮನ್ನು ಮೊದಲು ಮಾತಾಡಿಸುವುದು ಬೇಯುವ ಭತ್ತದ ವಾಸನೆ. ಕಳೆದ ವಾರ ಅದು ಮೂಗಿಗೆ ಬಡಿದದ್ದೇ ತಡ, ಶರಣಣ್ಣ ನೆನಪಾದ. ನನ್ನ ಸೋದರತ್ತೆಯ ಮಗ; ಅಲ್ಲಿಯ ಅಕ್ಕಿ ಗಿರಣಿಯೊಂದರಲ್ಲಿ ಫಿಟ್ಟರ್ ಆಗಿದ್ದ. ಯಂತ್ರದ ಸದ್ದು ಕೇಳಿಯೇ ಯಾವ ಬೇರಿಂಗ್ ಹೋಗಿದೆ ಎಂದು ಹೇಳಿಬಿಡುತ್ತಿದ್ದ.

ಮದುವೆಯಾಗಿ ಎಂಟು ವರ್ಷವಾದರೂ ಅವನಿಗೆ ಮಕ್ಕಳಿರಲಿಲ್ಲ. ಹೆಂಡತಿ ಶಾಂತವ್ವ ಯಲಬುರ್ಗಾದ ಅತ್ತೆಯ ಮನೆಯಲ್ಲಿ ಅಷ್ಟೂ ವರ್ಷ ಸೋಮವಾರ ಉಪವಾಸ ಮಾಡಿದಳು, ಯಾರು ಯಾರೋ ಕೊಟ್ಟ ಬೇರು ಅರೆದು ಕುಡಿದಳು. ಬಸುರಿಯರಿಗೆ ಉಡಿ ತುಂಬುವ ಕುಬಸಕ್ಕೆ ಅವಳನ್ನು ಯಾರೂ ಕರೆಯುತ್ತಿರಲಿಲ್ಲ. ಶರಣಣ್ಣನಿಗೆ ಮಾತ್ರ ಯಾರೂ ಒಂದು ಹೊತ್ತಿನ ಉಪವಾಸವನ್ನೂ ಹೇಳಲಿಲ್ಲ.

ಕೊನೆಗೆ ಕೊಪ್ಪಳದ ಡಾಕ್ಟರೊಬ್ಬರು ಅವನ ರಕ್ತವನ್ನೂ ಪರೀಕ್ಷೆಗೆ ಕಳಿಸಿದರು. ಅವರು ಹೇಳಿದ್ದು ಅರ್ಥವಾಗದೆ ರಿಪೋರ್ಟನ್ನು ನನ್ನ ಹತ್ತಿರ ತಂದ. ನಾನು ಹೈಸ್ಕೂಲಿನ ವಿಜ್ಞಾನ ಮೇಷ್ಟ್ರು. ವರ್ಷಕ್ಕೊಮ್ಮೆ ಎಕ್ಸ್, ವೈ ವರ್ಣತಂತುಗಳನ್ನು ಬಣ್ಣದ ಸೀಮೆಸುಣ್ಣದಲ್ಲಿ ಬರೆದು ಬೀಗುವವನು. ಅವನ ವೈ ವರ್ಣತಂತುವಿನಲ್ಲಿ ಸಣ್ಣದೊಂದು ತುಣುಕೇ ಇಲ್ಲ, ಅದಕ್ಕೇ ವೀರ್ಯಾಣು ಹುಟ್ಟುತ್ತಿಲ್ಲ ಎಂದು ಬಿಡಿಸಿ ಹೇಳಿದೆ.

"ಔಷಧ ಇಲ್ಲೇನು?"

"ಇದಕ್ಕಿಲ್ಲಣ್ಣ. ಹುಟ್ಟಿದಾಗಿಂದ ಹಿಂಗ ಐತಿ. ನಿಂದೇನೂ ತಪ್ಪಿಲ್ಲ."

"ಹಂಗಾರ ಆಕಿದೂ ಇಲ್ಲ," ಎಂದ. ರಿಪೋರ್ಟನ್ನು ಮಡಚಿ ಜೇಬಿಗಿಟ್ಟುಕೊಂಡು, "ಯಾರ ಮುಂದೂ ಹೇಳಬ್ಯಾಡಪಾ," ಎಂದ. ಒಪ್ಪಿದೆ.

ಆರು ತಿಂಗಳಾಗಿರಲಿಲ್ಲ, ಹಿರಿಯರು ಪಡಸಾಲೆಯಲ್ಲಿ ಕೂತು ಅವನ ಎರಡನೇ ಮದುವೆಯ ಮಾತೆತ್ತಿದರು. ಅತ್ತೆ ನನ್ನ ಕಡೆ ತಿರುಗಿ, "ನೀ ಓದಿದಾಂವ, ನೀನರ ಹೇಳಪಾ," ಎಂದಳು. ಶರಣಣ್ಣ ನೆಲ ನೋಡುತ್ತಿದ್ದ.

"ನೀವು ಹಿರ್ಯಾರು ಅದೀರಿ," ಎಂದೆ. ತರಗತಿಯಲ್ಲಿ ಗಂಟೆ ಹೊಡೆದರೂ ನಿಲ್ಲದ ನನ್ನ ನಾಲಿಗೆ ಅಲ್ಲಿ ಅಷ್ಟಕ್ಕೇ ನಿಂತಿತು.

ಬಾಗಿಲಲ್ಲಿದ್ದ ಶಾಂತವ್ವ, "ನನ್ನಿಂದ ಆಗಲಿಲ್ರಿ ಅತ್ತಿ. ನಾ ಹೋಗತೀನಿ," ಎಂದಳು. ಬಟ್ಟೆ ಕಟ್ಟಿಕೊಂಡು ಮಧ್ಯಾಹ್ನದ ಬಸ್ಸಿಗೆ ತವರೂರು ಅಳವಂಡಿಗೆ ಹೋಗಿಬಿಟ್ಟಳು.

ಶರಣಣ್ಣ ಎರಡನೇ ಮದುವೆ ಆಗಲಿಲ್ಲ. ಯಾಕೆಂದು ಹೇಳಲೂ ಇಲ್ಲ. ಅವಳನ್ನು ಕರೆಯಲು ಎರಡು ಸಲ ಹೋದ, ಅವಳು ಬರಲಿಲ್ಲ. ಗಿರಣಿಯ ಹಿಂದಿನ ಕೋಣೆಯಲ್ಲಿ ಒಬ್ಬನೇ ಇದ್ದು, ಹೋದ ವರ್ಷ ಎದೆನೋವಿನಿಂದ ತೀರಿಕೊಂಡ.

ಹೋದವನಿಗೆ ಕೊಟ್ಟ ಮಾತು ಇನ್ನು ಕಟ್ಟಿಹಾಕದು ಎಂದುಕೊಂಡು ಗಂಗಾವತಿಯಿಂದ ಬಂದ ಮರುದಿನವೇ ಅಳವಂಡಿಗೆ ಹೋದೆ. ಶಾಂತವ್ವ ಹೊಲಿಗೆ ಯಂತ್ರದ ಮುಂದಿದ್ದಳು. ರಿಪೋರ್ಟಿನ ಸಂಗತಿಯನ್ನೆಲ್ಲ ಹೇಳಿದೆ. ತಪ್ಪು ತನ್ನದಲ್ಲವೆಂದು ತಿಳಿದರೆ ಅವಳಿಗೆ ಸಮಾಧಾನವಾದೀತು ಎಂದು ನನ್ನ ಎಣಿಕೆ.

ಅವಳು ದಾರ ಕಡಿದು ತಲೆ ಎತ್ತಿದಳು. "ಅದು ನನಗ ಗೊತ್ತಿತ್ರಿ. ರಿಪೋರ್ಟ್ ಬಂದಾಗನ ಅವರು ಮನಿಗೆ ಬಂದು ಹೇಳಿದ್ರು. ನಾಕು ಮಂದ್ಯಾಗ ಅವರ ಬಾಯಿಂದನ ಬರ್ಲಿ ಅಂತ ಕಾದೆ, ಬರ್ಲಿಲ್ಲ. ಅವರ ಮಾನ ಹೋಗಬಾರದು ಅಂತ ನಾನೂ ಸುಮ್ನಾದೆ." ಬಟ್ಟೆಯನ್ನು ಸೂಜಿಯ ಕೆಳಗೆ ಸರಿಸಿ, "ನಿಮಗೂ ಗೊತ್ತಿತ್ತು ಅನ್ನೋದು ಮಾತ್ರ ಇವತ್ತ ಗೊತ್ತಾತು," ಎಂದಳು.

ಮತ್ತೆ ಯಂತ್ರ ತುಳಿಯತೊಡಗಿದಳು. ವಾಪಸು ಬಸ್ಸಿಗೆ ಇನ್ನೂ ಒಂದು ಗಂಟೆಯಿತ್ತು. ಕೂಡ್ರಿ ಎಂದು ಅವಳು ಹೇಳಲಿಲ್ಲ. ಹೊರಟುಹೋಗಲು ನನಗೂ ಆಗಲಿಲ್ಲ.