ಗುಡ್ಡದ ಮೇಲಿನ ರಿಲೇ ಕೆಟ್ಟಿತ್ತು

ಹೋದ ವಾರ ನನ್ನ ಕಾಕಾ ಗುಡ್ಡದ ಮೇಲೆ ಫೋನ್ ಹಿಡಿದು ನಿಂತಿದ್ದರು. ಕೆಳಗೆ, ಮನೆಯ ಅಂಗಳದಲ್ಲಿ, ಕಾಕಿ ಸಾಯುತ್ತಿದ್ದರು.

ಶಹಾಪುರದ ಆಚೆ, ಗುಡ್ಡದ ಮರೆಯಲ್ಲಿರುವ ಸಣ್ಣ ಊರು ಅವರದು. ಟವರಿನ ಸಿಗ್ನಲ್ ಗುಡ್ಡ ದಾಟುವುದಿಲ್ಲ. ಅದಕ್ಕೆಂದೇ ಮೇಲೊಂದು ರಿಲೇ ಕೂರಿಸಿದ್ದರು. ಆಚೆಯ ಸಿಗ್ನಲ್ ಹಿಡಿದು, ಬಲ ತುಂಬಿ, ಈಚೆಯ ಊರಿಗೆ ದಾಟಿಸುವ ಪೆಟ್ಟಿಗೆ. ಮಳೆಗಾಲದಲ್ಲಿ ಅದರ ಬ್ಯಾಟರಿ ಕೆಟ್ಟಿತು. ಹತ್ತಿ ಬಿಡಿಸುವ ಕಾಲ ಬಂದರೂ ರಿಪೇರಿಯವರು ಬರಲಿಲ್ಲ. (ಕಂಪನಿಯ ಬೋರ್ಡಿಗೆ ಮಾತ್ರ ಹೊಸ ಬಣ್ಣ ಬಂತು.)

ಮಧ್ಯಾಹ್ನ ರೊಟ್ಟಿ ಬಡಿಯುತ್ತಿದ್ದ ಕಾಕಿ ಎದೆ ಹಿಡಿದುಕೊಂಡು ಕುಸಿದರು. ಊರವರೆಲ್ಲ ಹೊಲದಲ್ಲಿದ್ದರು. ಪಕ್ಕದ ಮನೆಯ ಮುದುಕಿ ನೀಲಮ್ಮನನ್ನು ಜೊತೆಗೆ ಕೂರಿಸಿ ಕಾಕಾ ಗುಡ್ಡ ಹತ್ತಿದರು. ಅಲ್ಲಿಂದ ಸುರಪುರದಲ್ಲಿದ್ದ ನನಗೆ ಫೋನ್ ಮಾಡಿದರು. ನಾನು ಆಂಬ್ಯುಲೆನ್ಸ್ ಕಳಿಸಿದೆ.

ಸ್ವಲ್ಪ ಹೊತ್ತಿಗೆ ಡ್ರೈವರ್ ನನಗೇ ಫೋನ್ ಮಾಡಿದ. "ಕಾಲುವಿ ದಾಟಿದ ಮ್ಯಾಲ ದಾರಿ ತಿಳಿಯಂಗಿಲ್ರಿ. ನಿಮ್ಮ ಕಾಕಾ ಫೋನಿನ್ಯಾಗೇ ಇರ್ಲಿ. ಕೆಳಗ ಇಳಿದ್ರಂದ್ರ ನಾ ಎಲ್ಲಿ ಹುಡುಕ್ಲಿ?"

ಅವನಿಗೆ ಕಾಕಾರ ನಂಬರ್ ಕೊಟ್ಟು, ಕಾಕಾಗೆ ಹೇಳಿದೆ.

"ನಾ ಇಳೀತೀನಪ್ಪ. ಆಕಿ ಹಂತೇಕ ನಾ ಇರಬೇಕು."

"ಗಾಡಿ ಬರಾಕತ್ತದ ಕಾಕಾ. ಇನ್ನೊಂಚೂರು ನಿಲ್ಲು."

ನಿಂತರು. ಮೇಲಿನಿಂದ ಎರಡೂ ಕಾಣುತ್ತಿದ್ದವಂತೆ. ಒಂದು ಕಡೆ ಗಾಡಿಯ ಧೂಳು, ಇನ್ನೊಂದು ಕಡೆ ತಮ್ಮದೇ ಅಂಗಳ. ಡ್ರೈವರಿಗೆ ದಾರಿ ಹೇಳುತ್ತಿರುವಾಗಲೇ, ನೀಲಮ್ಮ ಕಾಕಿಯ ತಲೆಯನ್ನು ತೊಡೆಯಿಂದ ನೆಲಕ್ಕೆ ಇಳಿಸಿದ್ದು ಕಂಡಿತು. ಆಮೇಲೆ ಮುಖದ ಮೇಲೆ ಸೆರಗು ಎಳೆದದ್ದೂ ಕಂಡಿತು.

ಡ್ರೈವರ್ "ಹಲೋ, ಹಲೋ" ಎನ್ನುತ್ತಲೇ ಇದ್ದ. ಕೊನೆಗೆ ಕಾಕಾ ಹೇಳಿದರಂತೆ: "ಬೇವಿನ ಗಿಡದ ಹಂತೇಲಿ ಎಡಕ್ಕ ಹೊಳ್ಳಪ್ಪ. ಅವಸರ ಮಾಡಬ್ಯಾಡ."

ಮಣ್ಣಾದ ಮೇಲೆ ಅವರು ನೀಲಮ್ಮನನ್ನು ಕೇಳಿದ್ದು ಒಂದೇ ಮಾತು. "ಆಕಿ ಏನರ ಅಂದಳೇನು?"

"ನಿನ್ನ ಕೇಳಿದ್ಳು. ಗುಡ್ಡದ ಮ್ಯಾಲ ಅದಾನ ಅಂದೆ. ಆ ಕಡಿ ಮಾರಿ ಮಾಡಿ ಮಲಗಸು ಅಂದ್ಳು."

ಕಾಕಾ ಎದ್ದು ಹಿತ್ತಲಿಗೆ ಹೋದರು. ನಾವ್ಯಾರೂ ಹಿಂದೆ ಹೋಗಲಿಲ್ಲ.

ಪೇಟೆಯ ತುಂಬ ಈಗ 5ಜಿ ಬ್ಯಾನರ್. ಸಿನಿಮಾ ಕಣ್ಣು ಮಿಟುಕಿಸುವಷ್ಟರಲ್ಲಿ ಡೌನ್‌ಲೋಡ್ ಆಗುತ್ತದಂತೆ. ಆಗಲಿ, ಯಾರು ಬೇಡವೆಂದರು? ಆದರೆ ಗುಡ್ಡದ ಮೇಲಿನ ಒಂದು ಬ್ಯಾಟರಿ ಬದಲಿಸುವುದು ಯಾರ ಕೆಲಸ? "ದೂರು ದಾಖಲಾಗಿದೆ" ಎಂಬ ಮೆಸೇಜ್ ನೋಡಲೂ ಆ ಊರಿನವರು ಗುಡ್ಡ ಹತ್ತಬೇಕು.

ನಿನ್ನೆ ಕಂಪನಿಗೆ ಫೋನ್ ಮಾಡಿದೆ. ಹುಡುಗಿ ಬಹಳ ಮರ್ಯಾದೆಯಿಂದ ಕೇಳಿದಳು, "ಆ ಊರಲ್ಲಿ ನಮ್ಮ ಕಸ್ಟಮರ್ಸ್ ಎಷ್ಟು ಜನ ಇದ್ದಾರೆ ಸರ್?"

"ಒಬ್ಬಾಕಿ ಕಡಿಮಿ ಆಗ್ಯಾಳ್ರಿ," ಎಂದೆ.